ಕಂಪ್ಯೂಟರಿಗೆ ಟೈಮ್ ಕಲಿಸಿದ್ದು

ವಾಡಿಯಲ್ಲಿ ಕೂತು ಸುತ್ತಲಿನ ಊರುಗಳ ಅಂಗಡಿ, ಆಫೀಸುಗಳಿಗೆ ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡುವುದು ನನ್ನ ಕೆಲಸ. ಪ್ರೋಗ್ರಾಂ ಒಳಗೆ ತಾರೀಖು, ಟೈಮು ಅಂತ ಬಂತೋ, ನಾನು ಊಟಕ್ಕೆ ಕೂತಾಗ ಫೋನ್ ಬಂದೇ ಬರುತ್ತದೆ.

ತಪ್ಪು ಪೂರ್ತಿ ನನ್ನದಲ್ಲ. ನಾನು ಬಳಸುವ ಪ್ರೋಗ್ರಾಮಿಂಗ್ ಭಾಷೆಯ ಜೊತೆ ಒಂದು ಸ್ಟ್ಯಾಂಡರ್ಡ್ ಲೈಬ್ರರಿ, ಅಂದರೆ ತಯಾರಾಗಿ ಸಿಗುವ ಕೋಡಿನ ಗಂಟು, ಬರುತ್ತದೆ. ಅದರ ಕಣ್ಣಿಗೆ ಯಾವ ಗಳಿಗೆಯಾದರೂ ಬರೀ ಒಂದು ಸಂಖ್ಯೆ. ೧೯೭೦ರ ಜನವರಿ ಒಂದು ಅಂದರೆ ಸೊನ್ನೆ. ಅಲ್ಲಿಂದ ಸೆಕೆಂಡು ಎಣಿಸುತ್ತಾ ಬರುವುದು, ಅದೂ ನಮಗಿಂತ ಐದೂವರೆ ತಾಸು ಹಿಂದಿರುವ, ವಿಲಾಯತಿಯ ಗ್ರೀನಿಚ್ ಟೈಮಿನಲ್ಲಿ. ನಮ್ಮ ಜನ ಹಾಗೆ ಎಣಿಸುವವರಲ್ಲ.

೧. ವಿಲಾಯತಿ ನೀರು

ಶಹಾಬಾದದ ಒಂದು ಓಣಿಯವರು ಬೋರವೆಲ್ ಮೋಟಾರು ತಾನಾಗಿ ಚಾಲೂ ಆಗಬೇಕು ಅಂದರು. ಮುಂಜಾನೆ ಆರಕ್ಕೆ ಅಂತ ಬರೆದುಕೊಟ್ಟೆ. ಮರುದಿನ ಆರಕ್ಕೆ ನಳದಲ್ಲಿ ಹನಿಯಿಲ್ಲ. ನೀರು ಬಂದದ್ದು ಹನ್ನೊಂದೂವರೆಗೆ. ಮೋಟಾರಿನ ಡಬ್ಬಿ ಗ್ರೀನಿಚ್ ಟೈಮ್ ಹಿಡಿದು ಕೂತಿತ್ತು.

ನಾನು ಹೋಗುವಷ್ಟರಲ್ಲಿ ಒಂದು ವಾರ ಕಳೆದಿತ್ತು. ಬೈಗುಳಕ್ಕೆ ತಯಾರಾಗಿಯೇ ಹೋದೆ. ನಳದ ಹತ್ತಿರ ಕೊಡ ತುಂಬುತ್ತಿದ್ದ ಹಿರಿಯಾಕೆ ಕೇಳಿದರು, "ಎದಕ್ಕ ಬಂದೀರಿ?"

"ಟೈಮ್ ಸರಿ ಮಾಡಾಕ್ರಿ. ಇದು ವಿಲಾಯತಿ ಟೈಮಿಗಿ ನಡ್ಯಾಕತ್ತದ."

"ಮುಟ್ಟಬ್ಯಾಡ್ರಿ ಅದನ್ನ. ಮಕ್ಕಳು ಸಾಲಿಗಿ ಹೋಗಿರ್ತಾವ, ಗಂಡಸರು ಕೆಲಸಕ್ಕ ಹೋಗಿರ್ತಾರ. ಎರಡು ಮಾತಾಡ್ಕೋತ ಆರಾಮ ನೀರ ತುಂಬಾಕತ್ತೀವಿ. ನಮಗ ವಿಲಾಯತಿ ಟೈಮೇ ಛಲೋ ಅದ."

ಆ ಓಣಿ ಇಂದಿಗೂ ಗ್ರೀನಿಚ್ಚಿನಲ್ಲೇ ಇದೆ.

೨. ಅತ್ತೆಯವರ ಅಡ್ಡಗೆರೆ

ನಮ್ಮ ಅತ್ತೆ ಚಿಮ್ಮನಚೋಡದವರು. ನಾನು ತಾರೀಖನ್ನು ಸಂಖ್ಯೆ ಮಾಡಿ ನೋಡುತ್ತಿದ್ದಾಗ ಬಗಲಿಗೆ ಬಂದು ಕೂತು, "ನಾ ಹುಟ್ಟಿದ್ದು ಎಷ್ಟು ಬರ್ತದ ನೋಡು" ಅಂದರು. ತೋರಿಸಿದೆ.

"ಮುಂದ ಈ ಅಡ್ಡಗೆರಿ ಎದಕ್ಕ?"

"ಎಪ್ಪತ್ತನೇ ಇಸವಿಕಿಂತ ಮೊದಲ ಹುಟ್ಟಿದವರಿಗಿ ಮೈನಸ್ ಬರ್ತದರಿ."

"ಅಂದ್ರ ನಾ ಸೊನ್ನಿಕಿಂತ ಕಡಿಮಿ."

ಅವತ್ತು ಸಂಜೆಯವರೆಗೆ ನಾನು ಕೇಳಿದ್ದಕ್ಕೆಲ್ಲ "ಮೈನಸ್ ಮಂದಿಗೇನು ಗೊತ್ತದ" ಅನ್ನುವ ಉತ್ತರ. ಕೊನೆಗೆ ಮಾವನವರಿಗೆ ವಿಷಯ ಹೇಳಿದೆ. ರಿಟೈರಾದ ಗಣಿತದ ಮಾಸ್ತರರು. ಅವರೂ ತಮ್ಮ ತಾರೀಖು ಹಾಕಿಸಿ ನೋಡಿದರು, ಅದಕ್ಕೂ ಮೈನಸ್.

ಅತ್ತೆಯ ಕಡೆ ತಿರುಗಿ ನಿಧಾನವಾಗಿ ಹೇಳಿದರು. "ನೀನೂ ಮೈನಸ್, ನಾನೂ ಮೈನಸ್. ಮೈನಸ್ಸಿಗಿ ಮೈನಸ್ ಗುಣಿಸಿದ್ರ ಪ್ಲಸ್. ಅದಕ್ಕೇ ನಮ್ಮ ಮಗ ಪ್ಲಸ್ಸಿನಾಗ ಹುಟ್ಯಾನ. ಇದರಾಗ ಸಿಟ್ಟಾಗೋದು ಏನದ?"

ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡು ಚಹಾ ಇಡಲು ಎದ್ದರು.

೩. ಎಲ್ಲರ ಹುಟ್ಟುಹಬ್ಬ

ಸೇಡಂನ ಮಿಠಾಯಿ ಅಂಗಡಿಯ ಮಾಲಕರಿಗೆ ಒಂದು ಆಸೆ. ಗಿರಾಕಿಯ ಹುಟ್ಟುಹಬ್ಬದ ದಿನ ಮೊಬೈಲಿಗೆ ಶುಭಾಶಯ ಹೋಗಬೇಕು, ಅವರು ಬಂದು ಪುಕ್ಕಟೆ ಒಂದು ಡಬ್ಬಿ ಪೇಡಾ ಒಯ್ಯಬೇಕು. ಮಾಡಿಕೊಟ್ಟೆ.

ಜನವರಿ ಒಂದಕ್ಕೆ ಮಾಲಕರ ಫೋನ್ ಬಂತು. "ಮೇಡಂ, ಮುತ್ಯಾನೂ ಬಂದಾನ, ಮೊಮ್ಮಗಳೂ ಬಂದಾಳ. ಇಬ್ಬರೂ ಎಪ್ಪತ್ತನೇ ಇಸವಿ, ಒಂದೇ ದಿನ, ಮುಂಜಾನಿ ಐದೂವರೆಗೇ ಹುಟ್ಯಾರಂತ ಕಂಪ್ಯೂಟರ್ ತೋರಸಾಕತ್ತದ. ಹಿಂದ ಇನ್ನೂ ಭಾಳ ಮಂದಿ ನಿಂತಾರ."

ತಾರೀಖು ಹೇಳದೆ ಹೋದವರನ್ನೆಲ್ಲ ಪ್ರೋಗ್ರಾಂ ಸೊನ್ನೆ ಅಂತ ಹಿಡಿದಿತ್ತು. ಸೊನ್ನೆ ಅಂದರೆ ಎಪ್ಪತ್ತರ ಜನವರಿ ಒಂದು. ಗ್ರೀನಿಚ್ಚಿನ ನಡುರಾತ್ರಿ ಹನ್ನೆರಡು ನಮಗೆ ಮುಂಜಾನೆ ಐದೂವರೆ. ಅವತ್ತೇ ಸರಿ ಮಾಡಿದೆ. ಮಾಲಕರು ನಗುತ್ತಲೇ ಪೇಡಾ ಹಂಚಿದರು.

ಜೂನ್ ಒಂದಕ್ಕೆ ಮತ್ತೆ ಫೋನ್. ಈ ಸಲ ನಗು ಇರಲಿಲ್ಲ. "ನಿಮ್ಮ ಸೊನ್ನಿ ತಿರುಗಿ ಬಂದದ. ಲೈನ್ ಬಸ್‌ಸ್ಟ್ಯಾಂಡ್ ಮುಟ್ಯಾದ. ಲಗೂ ಬರ್ರಿ."

ಸಿಕ್ಕ ಮೊದಲ ಬಸ್ಸಿಗೇ ಹೋದೆ. ಪ್ರೋಗ್ರಾಂ ಎಷ್ಟು ತಡಕಿದರೂ ತಪ್ಪು ಸಿಗಲಿಲ್ಲ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಆಧಾರ್ ಕಾರ್ಡ್ ತೋರಿಸಿದರು. ಖರೇನೇ ಎಲ್ಲರದೂ ಜೂನ್ ಒಂದು.

"ಮಾಲಕರ, ಇದು ಕಂಪ್ಯೂಟರ್ ಮಾಡಿದ್ದಲ್ರಿ" ಅಂದೆ. "ಹಿಂದ ಕನ್ನಡ ಸಾಲಿಗಿ ಹೆಸರ ಹಚ್ಚುವಾಗ ಹುಟ್ಟಿದ ತಾರೀಖ ಗೊತ್ತಿಲ್ಲಂದ್ರ ಹೆಡ್‌ಮಾಸ್ತರರು ಜೂನ್ ಒಂದು ಅಂತ ಬರೀತಿದ್ರಲ್ಲ, ಅದರಿ."

ಮಾಲಕರು ಸಾಲನ್ನು ಒಮ್ಮೆ ನೋಡಿದರು, ಗಾಜಿನ ಪೆಟ್ಟಿಗೆಯಲ್ಲಿ ಉಳಿದ ಪೇಡಾ ಒಮ್ಮೆ ನೋಡಿದರು. ಆಮೇಲೆ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಹೊರಗೆ ಬಂದು ಸಾಲಿನ ಕೊನೆಗೆ ನಡೆದರು.

"ಎಲ್ಲಿ ಹೊಂಟ್ರಿ?" ಅಂದೆ.

"ಖಾಲಿ ಆಗೋದ್ರಾಗ ನಂದೂ ಒಂದು ಡಬ್ಬಿ ಒಯ್ತೀನ್ರಿ" ಅಂದರು. "ನಾನೂ ಅವತ್ತೇ ಹುಟ್ಟೀನಿ."