ಕನ್ನಡಕದ ಡಬ್ಬಿಯಲ್ಲಿ ಸೀಗಡಿ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಬೆರಳುದ್ದದ ಒಂದು ಸೀಗಡಿ. ಬೆಳಿಗ್ಗೆ ಕನ್ನಡಕದಂಗಡಿಯವನು ಹಲ್ಲುಜ್ಜುತ್ತಾ ತನ್ನ ಸಮುದ್ರದ ಮುಂದೆ ಬಂದು ನಿಂತಾಗ, ಅದು ಮರಳಿನ ಮೇಲೆ ಅಂಗಾತ ಬಿದ್ದಿತ್ತು.

ಸಮುದ್ರ ಅಂದರೆ ಹಾಲ್‌ನ ಮೂಲೆಯಲ್ಲಿದ್ದ ಗಾಜಿನ ತೊಟ್ಟಿ. ಎಲ್ಲರೂ ಸಾಕುವ ಸಿಹಿನೀರಿನ ಮೀನು ಇವನಿಗೆ ಸಾಲಲಿಲ್ಲ. ಹವಳ ಬೇಕು, ಅಲೆ ಬೇಕು, ಉಪ್ಪುನೀರೇ ಬೇಕು ಎಂದು ಹಟ ಹಿಡಿದಿದ್ದ. ಬಕೆಟ್ಟುಗಟ್ಟಲೆ ನೀರಿಗೆ ಉಪ್ಪು ಕದಡಿ, ಸಮುದ್ರದ ಕಲ್ಲು ಜೋಡಿಸಿ, ನೀರು ಹದಕ್ಕೆ ಬರಲಿ ಎಂದು ವಾರಗಟ್ಟಲೆ ಕಾದಿದ್ದ. ಅಷ್ಟು ದಿನವೂ ತೊಟ್ಟಿಯಲ್ಲಿದ್ದದ್ದು ನೀರು ಮತ್ತು ಕಲ್ಲು ಮಾತ್ರ. ಅಂಗಡಿಯಿಂದ ಬಂದವನೇ ಕುರ್ಚಿ ಎಳೆದುಕೊಂಡು ಅದನ್ನೇ ನೋಡುತ್ತಾ ಕೂರುತ್ತಿದ್ದ.

"ಜನ ಟೀವಿ ನೋಡ್ತಾರೆ. ನೀವು ಕಲ್ಲು ನೋಡ್ತಿದೀರಿ," ಎಂದು ಹೆಂಡತಿ ಹಂಗಿಸಿದ್ದಳು. ಕೊನೆಗೆ ಒಂದು ಹಳದಿ ಮೀನು, ಎರಡು ಕಿತ್ತಳೆ ಮೀನು, ಅಂಗೈಯಗಲದ ಹವಳ, ಮತ್ತು ಮೀನುಗಳ ಮೈ ಶುಚಿ ಮಾಡುವ ಈ ಕೆಂಪು ಸೀಗಡಿ ಮನೆಗೆ ಬಂದಾಗ ಅವಳು ಒಂದು ಷರತ್ತು ಹಾಕಿದಳು.

"ನೋಡಿ, ಒಂದೇ ಒಂದು ಸತ್ತರೂ ಈ ತೊಟ್ಟಿ ಹಾಲ್‌ನಿಂದ ಹೊರಗೆ. ಪಾಪದ ಪ್ರಾಣಿಗಳನ್ನ ತಂದು ಕೊಲ್ಲೋದು ನನಗೆ ಆಗಿಬರಲ್ಲ. ನಿಮ್ಮ ಕೈಲಿ ಇದುವರೆಗೆ ಯಾವುದು ಬದುಕಿದೆ, ನೀವೇ ಹೇಳಿ?"

ಅವನು ನೀರು ಹಾಕಿದ ಗಿಡ ಕೊಳೆಯುತ್ತಿತ್ತು, ಹಾಕದ ಗಿಡ ಒಣಗುತ್ತಿತ್ತು. ನೀರೇ ಬೇಡವೆಂಬ ಕಳ್ಳಿಗಿಡ ಕೂಡ ಇವನ ಆರೈಕೆಗೆ ಹೆದರಿ ಒಂದು ದಿನ ಕುಸಿದು ಕೂತಿತ್ತು.

ಆದರೆ ಈ ತೊಟ್ಟಿಯಲ್ಲಿ ಮಾತ್ರ ಇಷ್ಟು ತಿಂಗಳಾದರೂ ಒಂದೂ ಸತ್ತಿರಲಿಲ್ಲ. ಸತ್ತಿರಲಿಲ್ಲ ಎನ್ನುವುದಷ್ಟೇ ಅಲ್ಲ, ಅಲ್ಲಿ ಏನೋ ವಿಚಿತ್ರವಿತ್ತು. ಒಮ್ಮೆ ಹಳದಿ ಮೀನು ಪಕ್ಕಕ್ಕೆ ವಾಲಿ, ಬಾಯಿ ತೆರೆದು, ಇನ್ನೇನು ಮುಗಿಯಿತು ಎಂಬಂತೆ ಬಿದ್ದಿತ್ತು. ನೋಡಲಾರದೆ ಅವನು ಅಂಗಡಿಗೆ ಓಡಿದ್ದ. ಸಂಜೆ ಬಂದರೆ ಅದು ಠೀವಿಯಿಂದ ಈಜುತ್ತಿತ್ತು, ತುಸು ಮೈ ಕೂಡ ಬಂದಿತ್ತು. ಇನ್ನೊಮ್ಮೆ ಕಿತ್ತಳೆ ಮೀನಿನ ಹರಿದ ರೆಕ್ಕೆ ಸಂಜೆಯ ಹೊತ್ತಿಗೆ ಕೂಡಿಕೊಂಡಿತ್ತು. ಕೊನೆಗೂ ನನ್ನ ಕೈಯಲ್ಲಿ ಏನೋ ಒಂದು ಗುಣ ಬಂದಿದೆ ಎಂದು ಅವನು ಒಳಗೊಳಗೇ ಉಬ್ಬಿದ್ದ. ಆ ಹೆಮ್ಮೆ ಅವನಿಗೆ ಅಂಗಡಿಗಿಂತ, ಮನೆಗಿಂತ, ಸ್ವಂತ ತಲೆಗೂದಲಿಗಿಂತ ದೊಡ್ಡದಾಗಿತ್ತು.

ಈಗ ಆ ಹೆಮ್ಮೆಯೇ ಮರಳಿನ ಮೇಲೆ ಕಾಲು ಮೇಲೆ ಮಾಡಿ ಬಿದ್ದಿತ್ತು.

ಹೆಂಡತಿ ಆಗಲೇ ಕೆಲಸಕ್ಕೆ ಹೋಗಿದ್ದಳು. ಅತ್ತೆ, ಎಂದರೆ ಅವಳ ತಾಯಿ, ಸ್ನಾನದ ಮನೆಯಲ್ಲಿದ್ದರು. ಅವನು ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು, ತೋಳು ಮಡಚಿ, ನೀರಿಗೆ ಕೈಯಿಳಿಸಿದ. ಸೀಗಡಿ ಬೆರಳಿಗೆ ಬಂತು. ಮೀಸೆ, ಕಾಲು, ಬಾಲ, ಬೆನ್ನ ಮೇಲಿನ ಬಿಳಿ ಗೆರೆ, ಎಲ್ಲ ಇದ್ದ ಹಾಗೇ ಇತ್ತು. ಆದರೆ ತೂಕವೇ ಇರಲಿಲ್ಲ. ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣುತ್ತಿತ್ತು. ಕಣ್ಣಿದ್ದ ಕಡೆ ಕಣ್ಣಿನ ಆಕಾರದ ಎರಡು ಪೊಳ್ಳುಗಳು ಅವನನ್ನೇ ನೋಡುತ್ತಿದ್ದವು. ಜೀವ ಹೋದರೆ ಇಷ್ಟು ಹಗುರಾಗುತ್ತದೆಯೇ ಎಂದು ಅವನ ಬೆನ್ನು ತಣ್ಣಗಾಯಿತು.

ಕಸದ ಬುಟ್ಟಿಗೆ ಹಾಕಲು ಮನಸ್ಸು ಬರಲಿಲ್ಲ. ಅಂಗಡಿಯ ಒಂದು ಕನ್ನಡಕದ ಡಬ್ಬಿ ತೆಗೆದು, ಒಳಗಿನ ಮೆತ್ತನೆ ಬಟ್ಟೆಯ ಮೇಲೆ ಅದನ್ನು ಮಲಗಿಸಿ, ಟಪ್ ಎಂದು ಮುಚ್ಚಿದ. ಮೆಟ್ಟಿಲ ತಿರುವಿನಲ್ಲಿ ಮೇಲ್ಮನೆ ಅಜ್ಜಿಯ ಗುಲಾಬಿ ಕುಂಡವಿತ್ತು. ಅಲ್ಲಿ ಕೂತು ಚಮಚದಲ್ಲಿ ಮಣ್ಣು ತೋಡಿ, ಡಬ್ಬಿ ಇಟ್ಟು, ಮುಚ್ಚಿ ಮೇಲೇಳುವಷ್ಟರಲ್ಲಿ ತಲೆಯ ಮೇಲಿಂದ ದನಿ ಬಂತು.

"ಏನಪ್ಪಾ ಅದು, ನನ್ನ ಕುಂಡಕ್ಕೆ ಹಾಕಿದ್ದು?"

ಅಜ್ಜಿ ಕಂಬಿಗೆ ಗಲ್ಲ ಊರಿ ನೋಡುತ್ತಿದ್ದರು.

"ಗೊಬ್ಬರ, ಅಜ್ಜಿ."

"ಹಾಕಪ್ಪಾ, ಹಾಕು. ಈ ಗಿಡಕ್ಕೆ ಏನು ಬಂದಿದೆಯೋ, ಈಚೆಗೆ ಹುಚ್ಚು ಹಿಡಿದ ಹಾಗೆ ಹೂ ಬಿಡ್ತಿದೆ. ನಾನಂತೂ ಏನೂ ಹಾಕಿಲ್ಲ."

ಅಂಗಡಿಯಲ್ಲಿ ಅವತ್ತು ಅವನಿಗೆ ಕೆಲಸ ಸಾಗಲಿಲ್ಲ. ಒಬ್ಬ ಗಿರಾಕಿಯ ಕಣ್ಣಿಗೆ ಬೆಳಕು ಬಿಟ್ಟು ನೋಡಿದರೆ ಆ ಎರಡು ಪೊಳ್ಳುಗಳೇ ಕಂಡವು. ಮಧ್ಯಾಹ್ನ ಬಾಗಿಲು ಎಳೆದುಕೊಂಡು ಮೀನಂಗಡಿಗೆ ಓಡಿದ. ಸಂಜೆ ಹೆಂಡತಿ ಬರುವುದರೊಳಗೆ ಅಂಥದ್ದೇ ಇನ್ನೊಂದು ಸೀಗಡಿ ತೊಟ್ಟಿಯಲ್ಲಿರಬೇಕು.

"ಕೆಂಪು ಸೀಗಡಿಯಾ ಸಾರ್? ಇದೊಂದೇ ಉಳಿದಿರೋದು. ಇದರ ಜೊತೆದು ಬೆಳಿಗ್ಗೆ ತಾನೇ ಮಾರಿಹೋಯ್ತು," ಎಂದ ಮೀನಂಗಡಿಯವನು, ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬುತ್ತಾ. "ಈಚೆಗೆ ಈ ಏರಿಯಾದಲ್ಲಿ ಉಪ್ಪುನೀರಿನವಕ್ಕೆ ಭಾರಿ ಡಿಮ್ಯಾಂಡು."

ಚೀಲವನ್ನು ಎದೆಗವಚಿಕೊಂಡು ಅವನು ಮನೆ ಸೇರುವ ಹೊತ್ತಿಗೆ ಬಿಸಿಲು ಇಳಿಯತೊಡಗಿತ್ತು. ಅತ್ತೆ ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಹಳೇ ಬಟ್ಟೆ ಚೂರುಗಳನ್ನು ಜೋಡಿಸಿ ಹೊದಿಕೆ ಹೊಲಿಯುತ್ತಾ ಹಾಗೇ ತೂಕಡಿಸಿದ್ದರು. ಪರದೆ ಎಳೆದಿತ್ತು. ಕೋಣೆಯಲ್ಲಿದ್ದದ್ದು ತೊಟ್ಟಿಯ ನೀಲಿ ಬೆಳಕು ಮತ್ತು ಪಂಪಿನ ಗುಂಯ್ ಎನ್ನುವ ಸದ್ದು. ಅತ್ತೆಯ ಮುಖವೂ ನೀಲಿಯಾಗಿ, ಅವರೂ ನೀರೊಳಗೇ ಕೂತಿದ್ದಾರೇನೋ ಅನ್ನಿಸುತ್ತಿತ್ತು.

ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ಚೀಲದ ಗಂಟು ಬಿಚ್ಚಿ, ಬಗ್ಗಿದ.

ಕಲ್ಲಿನ ಮೇಲೆ ಸೀಗಡಿ ನಿಂತಿತ್ತು.

ಬೆಳಿಗ್ಗೆ ಅವನೇ ಮಣ್ಣು ಮಾಡಿದ ಸೀಗಡಿ. ಅದೇ ಬಿಳಿ ಗೆರೆ, ಅದೇ ಉದ್ದ ಮೀಸೆ. ಮೀಸೆಯನ್ನು ನಿಧಾನವಾಗಿ ಅವನ ಕಡೆಗೆ ತಿರುಗಿಸಿ, ಬಾ ಎಂದು ಕರೆಯುವ ಹಾಗೆ ಆಡಿಸಿತು.

ಅವನ ಗಂಟಲಿನಿಂದ ಹೊರಟದ್ದು ಕೂಗಲ್ಲ, ಸೈಕಲ್ ಟಯರಿನ ಗಾಳಿ ಬಿಟ್ಟಂಥ ಸದ್ದು. ಚೀಲ ಹಿಡಿದೇ ಮೆಟ್ಟಿಲಿಗೆ ಓಡಿದ. ಕುಂಡದ ಮುಂದೆ ಮಂಡಿಯೂರಿ ಎರಡೂ ಕೈಯಲ್ಲಿ ಮಣ್ಣು ಬಗೆಯತೊಡಗಿದ. ಡಬ್ಬಿ ಖಾಲಿಯಿದ್ದರೆ ಏನು ಮಾಡುವುದೋ ಗೊತ್ತಿರಲಿಲ್ಲ. ಖಾಲಿ ಇರದಿದ್ದರೆ ಏನು ಮಾಡುವುದೋ ಅದಂತೂ ಸುತರಾಂ ಗೊತ್ತಿರಲಿಲ್ಲ.

"ಗೊಬ್ಬರ ವಾಪಸ್ ತಗೊಳ್ತಿದೀಯೇನಪ್ಪಾ?" ಎಂದರು ಅಜ್ಜಿ ಮೇಲಿಂದ.

ಆ ಮಾತಿಗೆ ಎದುರುಮನೆ ಬಾಗಿಲೂ ತೆರೆಯಿತು. ಅಲ್ಲಿದ್ದವರು ರಿಟೈರಾದ ಲಿಫ್ಟ್ ಇನ್ಸ್‌ಪೆಕ್ಟರು. ಎಲ್ಲರಿಗೂ ಅವರು ಲಿಫ್ಟ್ ಸಾಹೇಬರು. ಲೋಕದಲ್ಲಿ ಯಾವ ತೊಂದರೆ ಆದರೂ ಅದಕ್ಕೊಂದು ವಿವರಣೆ ಕೊಡದೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ಏನ್ರೀ, ಏನು ಕಳೆದುಕೊಂಡ್ರಿ?"

ಡಬ್ಬಿ ಸಿಕ್ಕಿತು. ಮುಚ್ಚಳ ತೆರೆದ. ಒಳಗೆ ಸೀಗಡಿ ಇಟ್ಟ ಹಾಗೇ ಮಲಗಿತ್ತು.

"ಸತ್ತಿದೆ," ಎಂದರು ಸಾಹೇಬರು ಬಗ್ಗಿ ನೋಡಿ.

"ಹೌದು ಸಾರ್. ಆದರೆ ಒಳಗೆ, ತೊಟ್ಟೀಲಿ, ಇದೇ ಓಡಾಡ್ತಿದೆ."

ಸಾಹೇಬರು ಕಣ್ಣು ಕಿರಿದು ಮಾಡಿದರು. "ನಾನು ಜೀವಮಾನವೆಲ್ಲ ಲಿಫ್ಟ್ ನೋಡಿದೋನು. ಒಂದು ಮಾತು ಹೇಳ್ತೀನಿ ಕೇಳಿ. ಮೇಲೆ ಹೋದದ್ದು ಕೆಳಗೆ ಬರಲೇಬೇಕು."

ಅದಕ್ಕೂ ಇದಕ್ಕೂ ಏನು ಸಂಬಂಧವೋ ಕನ್ನಡಕದವನಿಗೆ ತಿಳಿಯಲಿಲ್ಲ, ಆದರೂ ಮೈಯೆಲ್ಲ ಮುಳ್ಳೆದ್ದಿತು. ಅಷ್ಟರಲ್ಲಿ ಅಜ್ಜಿ ಕೆಳಗಿಳಿದು ಬಂದು ಕುಂಡಕ್ಕೆ ಕಣ್ಣು ಹಾಕಿದರು.

"ಅದೇನದು, ಇನ್ನೂ ಏನೋ ಇದೆಯಲ್ಲ ಅಡಿಯಲ್ಲಿ?"

ಬೇರಿನ ಸಂದಿಯಲ್ಲಿ ಹೂಹೂವಿನ ಬಟ್ಟೆಯ ಪುಟ್ಟ ಗಂಟೊಂದಿತ್ತು. ಅದನ್ನು ಅವನು ಹೂತಿರಲಿಲ್ಲ. ಬಿಚ್ಚಿದ. ಒಳಗೆ ಬಾಚಣಿಗೆಯ ಹಾಗೆ ಸಾಲಾಗಿ ಮೀನಿನ ಮುಳ್ಳು. ಬಾಲದ ತುದಿಯಲ್ಲಿ ಇನ್ನೂ ಚೂರು ಹಳದಿ ಉಳಿದಿತ್ತು. ಅದರ ಕೆಳಗೆ ಇನ್ನೊಂದು ಗಂಟು, ಅದರಲ್ಲಿ ಒಣಗಿದ ಕಿತ್ತಳೆ ರೆಕ್ಕೆ, ಅಂಚು ಹರಿದದ್ದು.

ಆ ರೆಕ್ಕೆಯನ್ನು ಅವನು ಗುರುತು ಹಿಡಿದ. ಸಂಜೆ ಹೊತ್ತಿಗೆ ಕೂಡಿಕೊಂಡಿದ್ದ ರೆಕ್ಕೆ ಅದು. ಅದರ ಮೀನು ಈ ಗಳಿಗೆಯಲ್ಲಿ ಹಾಲ್‌ನಲ್ಲಿ ಈಜುತ್ತಿತ್ತು. ಹಾಗಾದರೆ ತನ್ನ ನೀರಿನಲ್ಲಿ ಯಾವುದೂ ಸಾಯುವುದಿಲ್ಲ ಎಂದು ಬೀಗಿದ್ದೆಲ್ಲ ಸುಳ್ಳು. ಅಲ್ಲಿ ಎಲ್ಲವೂ ಸಾಯುತ್ತಿದ್ದವು. ಸತ್ತು, ಸಂಜೆಯೊಳಗೆ ವಾಪಸ್ ಬರುತ್ತಿದ್ದವು.

"ನಡೀರಿ ಒಳಗೆ, ನೋಡೋಣ," ಎಂದರು ಸಾಹೇಬರು ದೊಡ್ಡ ದನಿಯಲ್ಲಿ. ಹಾಗೆಂದವರು ಬಾಗಿಲಲ್ಲಿ ಅಜ್ಜಿಗೆ ದಾರಿ ಬಿಟ್ಟು ಹಿಂದೆ ನಿಂತರು.

ಕನ್ನಡಕದವನು ಡಬ್ಬಿ, ಚೀಲ, ಬಿಚ್ಚಿದ ಗಂಟು ಎಲ್ಲವನ್ನೂ ಹಿಡಿದುಕೊಂಡೇ ಒಳಬಂದ. ಮೂವರೂ ನೀಲಿ ಬೆಳಕಿಗೆ ಮುಖ ಒಡ್ಡಿದರು. ಹೊರಗೆ ಬಿಸಿಲಿಳಿದು ಮನೆಯೊಳಗೆ ಕತ್ತಲು ಕವಿಯುತ್ತಿತ್ತು. ಕಲ್ಲಿನ ಮೇಲೆ ಸೀಗಡಿ ಇತ್ತು. ಅವರು ನೋಡುತ್ತಿದ್ದ ಹಾಗೇ ಕಲ್ಲಿನ ಕೆಳಗಿನ ಬಿಲದಿಂದ ಬಿಳಿ ಮೀಸೆಯೊಂದು ಹೊರಬಂತು. ಅದರ ಹಿಂದೆ ಇನ್ನೊಂದು ಮೀಸೆ. ಅದರ ಹಿಂದೆ, ಮೈ ತೊಳೆದು ಬಂದಷ್ಟು ಹೊಳೆಯುತ್ತಾ, ಇನ್ನೊಂದು ಸೀಗಡಿ.

"ಒಂದು ಅಂದ್ರಿ," ಎಂದು ಪಿಸುಗುಟ್ಟಿದರು ಸಾಹೇಬರು.

"ಒಂದೇ ಇತ್ತು ಸಾರ್."

"ಈಗ ಎರಡು. ಕೈಯಲ್ಲೊಂದು ಹೆಣ. ಆ ಚೀಲದಲ್ಲಿ ಏನ್ರೀ ಅದು?"

ಎಲ್ಲರೂ ಚೀಲ ನೋಡಿದರು. ಚೀಲದೊಳಗಿನಿಂದ ಸೀಗಡಿ ಅವರನ್ನು ನೋಡಿತು. ಅಜ್ಜಿ "ಅಯ್ಯಯ್ಯೋ!" ಎಂದು ಚೀರಿದರು. ಅತ್ತೆ ಬೆಚ್ಚಿ ಎದ್ದರು, ಮಡಿಲಿನ ಬಟ್ಟೆಯೆಲ್ಲ ಚೆಲ್ಲಾಪಿಲ್ಲಿಯಾಯಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಏನ್ರೀ ಇದು ಸಂತೆ?"

ಎಲ್ಲರೂ ಒಟ್ಟಿಗೆ ಹೇಳಿದ್ದರಿಂದ ಅವಳಿಗೆ ಏನೂ ತಿಳಿಯಲಿಲ್ಲ. ಕೊನೆಗೆ ಕನ್ನಡಕದವನು ತೆರೆದ ಡಬ್ಬಿಯನ್ನು ಮುಂದೆ ಹಿಡಿದು ತಲೆ ತಗ್ಗಿಸಿದ. "ಬೆಳಿಗ್ಗೆ ಸತ್ತುಹೋಗಿತ್ತು ಕಣೇ. ನಾನೇ ಮಣ್ಣು ಮಾಡಿದೆ. ಸಂಜೆ ಬಂದು ನೋಡಿದರೆ ಎದ್ದು ಬಂದಿದೆ. ಈಗ ಎರಡಾಗಿದೆ." ಅವನ ದನಿ ಅಳುವಿಗೆ ತಿರುಗಿತ್ತು.

ಹೆಂಡತಿ ಡಬ್ಬಿ ನೋಡಿದಳು, ತೊಟ್ಟಿ ನೋಡಿದಳು, ಫೋನ್ ತೆಗೆದು ಮೀನಂಗಡಿಯವನಿಗೆ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಹಿಡಿದು, ಡಬ್ಬಿಯಲ್ಲಿದ್ದದ್ದನ್ನು ಎತ್ತಿ ನೋಡುತ್ತಾ ವಿವರಿಸಿದಳು.

"ತೂಕ ಇಲ್ವಾ ಮೇಡಂ? ಆಚೆ ಕಡೆ ಕಾಣುತ್ತಾ? ಅದು ಪೊರೆ!" ಎಂದು ಅವನು ನಕ್ಕ. "ಹಾವು ಬಿಡಲ್ವಾ, ಹಾಗೆ ಸೀಗಡೀನೂ ಬಿಡುತ್ತೆ. ಮೀಸೆ ಸಮೇತ ಕಳಚಿಟ್ಟು, ಹೊಸ ಮೈ ಗಟ್ಟಿ ಆಗೋತನಕ ಕಲ್ಲಿನಡಿ ಅಡಗಿರುತ್ತೆ. ಹೊಸದಾಗಿ ಸಾಕೋರೆಲ್ಲ ಸತ್ತೇಹೋಯ್ತು ಅಂತ ಅಳ್ತಾರೆ."

ಕನ್ನಡಕದವನ ಮುಖ ಅರಳಿತು. ಸಾಹೇಬರ ಮುಖ ಬಾಡಿತು. "ಪೊರೆ! ಕೇಳಿದೆಯಾ? ಸತ್ತಿಲ್ಲ! ನನ್ನ ತೊಟ್ಟೀಲಿ ಒಂದೂ ಸತ್ತಿಲ್ಲ!" ಎಂದು ಅವನು ಕುಣಿದಾಡಿಬಿಟ್ಟ.

"ಸರಿ," ಎಂದಳು ಹೆಂಡತಿ. "ಹಾಗಾದ್ರೆ ಆ ಎರಡನೇದು ಎಲ್ಲಿಂದ ಬಂತು? ನಿಮ್ಮ ಕೈಲಿರೋ ಈ ಮುಳ್ಳು ಯಾರದು?"

ಅವನ ಕುಣಿತ ನಿಂತಿತು. ಅವಳು ಮುಳ್ಳಿನ ಕೆಳಗಿನ ಬಟ್ಟೆಯನ್ನು ಹಿಡಿದು, ನೆಲದಲ್ಲಿ ಚೆಲ್ಲಿದ್ದ ಚೂರುಗಳನ್ನು ನೋಡಿ, ನಿಧಾನವಾಗಿ ತಿರುಗಿದಳು.

"ಅಮ್ಮಾ, ಇದು ನನ್ನ ಹಳೇ ನೈಟಿ ಅಲ್ವಾ?"

ಅತ್ತೆ ಸೂಜಿಗೆ ದಾರ ಪೋಣಿಸುವಂತೆ ಮಾಡಿದರು. ಪೋಣಿಸಲು ದಾರವೇ ಇರಲಿಲ್ಲ.

"ನಾನೇನು ಮಾಡಲೇ," ಎಂದರು ಕೊನೆಗೆ. "ಇಡೀ ದಿನ ಒಬ್ಬಳೇ ಕೂತಿರ್ತೀನಿ. ಗಾಜಿನ ಹತ್ರ ಬಂದು ಬಾಯಿ ಬಾಯಿ ಬಿಡ್ತವೆ. ಕರುಳು ಚುರ್ ಅನ್ನುತ್ತೆ. ಒಂದು ಚಿಟಿಕೆ ಹಾಕ್ತೀನಿ. ಆಮೇಲೆ ಇನ್ನೊಂದು. ನೀರು ಕೆಟ್ಟು ಹೀಗಾಗುತ್ತೆ ಅಂತ ನನಗೇನು ಗೊತ್ತು? ನೀನು ಬೇರೆ ಷರತ್ತು ಹಾಕಿದ್ದೆ. ಅಳಿಯಂದ್ರ ಮುಖ ನೋಡಿದ್ರೆ ಪಾಪ ಅನ್ನಿಸ್ತಿತ್ತು. ಹೋದ ಹಾಗೆಲ್ಲ ಅಂಥದ್ದೇ ಒಂದು ತಂದು ಬಿಡ್ತಿದ್ದೆ. ಇವತ್ತು ಸೀಗಡಿ ಕಾಣಲಿಲ್ಲ, ಅದೂ ಹೋಯ್ತು ಅಂದ್ಕೊಂಡು ಓಡಿಹೋಗಿ ತಂದೆ."

"ಎಷ್ಟು ಹೋಗಿವೆ ಅತ್ತೆ?" ಎಂದು ಅವನು ಮೆಲ್ಲಗೆ ಕೇಳಿದ.

"ಮೀನಾ? ಎಲ್ಲಾನೂ. ಹಳದೀದು ಒಂದೆರಡು ಸಲ." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹವಳ ಕೂಡ ಹೊಸದೇ."

ಅಜ್ಜಿ ಒಮ್ಮೆ ಬಾಗಿಲಾಚೆಯ ಗುಲಾಬಿಯನ್ನು, ಒಮ್ಮೆ ಅತ್ತೆಯನ್ನು ನೋಡಿದರು. ಅವರಿಗೆ ಕೃತಜ್ಞತೆ ತಡೆಯಲಾಗುತ್ತಿರಲಿಲ್ಲ.

ಕನ್ನಡಕದವನು ಕುರ್ಚಿಯಲ್ಲಿ ಕುಸಿದ. ತನ್ನ ಕೈಗುಣ ಎಂದು ಬೀಗಿದ್ದೆಲ್ಲ ಅತ್ತೆಯ ಓಡಾಟ. ಅಷ್ಟೆಲ್ಲದರಲ್ಲಿ ಅವನ ಆರೈಕೆಯಲ್ಲಿ ನಿಜವಾಗಿ ಬದುಕಿದ್ದದ್ದು ಒಂದೇ ಒಂದು ಜೀವ, ಅದನ್ನೇ ಅವನು ಬೆಳಿಗ್ಗೆ ಮಣ್ಣು ಮಾಡಿ ಬಂದಿದ್ದ. ನಗಬೇಕೋ ಅಳಬೇಕೋ ತೋಚದೆ ಅವನಿಗೆ ಬಿಕ್ಕಳಿಕೆ ಬಂತು.

"ಮಾತು ಅಂದ್ರೆ ಮಾತು," ಎಂದಳು ಹೆಂಡತಿ. "ಸತ್ತಿವೆ. ತೊಟ್ಟಿ ಹಾಲ್‌ನಿಂದ ಹೊರಗೆ."

"ಹಾಲ್‌ನಿಂದ ತಾನೇ?" ಎಂದರು ಅತ್ತೆ ಥಟ್ಟನೆ. ಕಣ್ಣೀರು ಆಗಲೇ ಆರಿತ್ತು. "ನನ್ನ ರೂಮಲ್ಲಿಡಿ. ನೀರು ಬದಲಾಯಿಸೋದು, ಉಪ್ಪು ಕದಡೋದು, ಗಾಜು ಉಜ್ಜೋದು ಎಲ್ಲ ಅಳಿಯಂದ್ರು ಮಾಡ್ತಾರೆ. ಊಟ ಹಾಕೋದು ಮಾತ್ರ ನಾನು."

ಹೆಂಡತಿ ಆಗಲಿ ಎಂದು ತಲೆಯಾಡಿಸಿದಳು. ಹಳದಿ ಮೀನು ಸರಕ್ಕನೆ ಕಲ್ಲಿನ ಹಿಂದೆ ಹೋಯಿತು.

ಸಾಹೇಬರು ಮತ್ತು ಅಜ್ಜಿ ಹೊರಟ ಮೇಲೆ ಅವನು ಚೀಲದ ಸೀಗಡಿಯನ್ನೂ ಮೆಲ್ಲಗೆ ನೀರಿಗೆ ಬಿಟ್ಟ. ಈಗ ಮೂರಾದವು. ಅಂಗಡಿಯ ಭೂತಗನ್ನಡಿ ಕಣ್ಣಿಗೆ ಹಿಡಿದು, ಮೂಗು ಗಾಜಿಗೆ ತಾಗಿಸಿ, ಅವುಗಳಲ್ಲಿ ತನ್ನದು ಯಾವುದೆಂದು ಹುಡುಕತೊಡಗಿದ. ಒಂದೇ ಒಂದು, ತಾನು ಬದುಕಿಸಿದ್ದು. ಮೂರೂ ಒಂದೇ ಥರ ಮೀಸೆ ಆಡಿಸಿದವು. ಊರ ಜನರ ಕಣ್ಣಿನ ದೋಷವೆಲ್ಲ ಕಂಡುಹಿಡಿದವನಿಗೆ ಅದೊಂದು ಮಾತ್ರ ಗುರುತು ಸಿಗಲಿಲ್ಲ.

ಹಿಂದಿನಿಂದ ಡಬ್ಬದ ಮುಚ್ಚಳ ತೆರೆದ ಸದ್ದಾಯಿತು.

"ಸ್ವಲ್ಪ ಆ ಕಡೆ ಸರೀರಿ ಅಳಿಯಂದ್ರೇ," ಎಂದರು ಅತ್ತೆ, ನೀಲಿ ಬೆಳಕಿನಲ್ಲಿ ಮುಷ್ಟಿ ತುಂಬಿಕೊಂಡು. "ಪಾಪ, ಅವಕ್ಕೆ ಹಸಿವಾಗಿರುತ್ತೆ."