ರಾಹುಕಾಲದಲ್ಲಿ ಬಾಯಿಬಿಟ್ಟ ಪ್ರಿಂಟರ್

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ವಾದಕ್ಕೆ ಹೋಗುವುದಿಲ್ಲ. ಅದು ತಪ್ಪು ಮಾಡುವುದಿಲ್ಲ, ನಮ್ಮ ಕೈಯಲ್ಲಿ ಮಾಡಿಸುತ್ತದೆ. ಅದೂ ನಾಲ್ಕು ಜನ ಸೇರಿರುವಾಗಲೇ. ಎರಡು ಸಾವಿರದ ಇಸವಿಯ ಆಚೀಚೆ ಜೋಗುಪಾಳ್ಯದ ಒಂದು ವಧೂವರರ ಮಾಹಿತಿ ಕೇಂದ್ರದಲ್ಲಿ ನಾನು ಕೆಲಸಕ್ಕಿದ್ದಾಗ ಇಂಥದ್ದು ವಾರಕ್ಕೊಂದು ನಡೆಯುತ್ತಿತ್ತು.

ನಾನು ಗದಗಿನ ಕಡೆಯವನು. ಬೈಯಪ್ಪನಹಳ್ಳಿಯಲ್ಲಿ ಬಾಡಿಗೆ ರೂಮು. ನಮ್ಮ ಯಜಮಾನರು ಹಲಸೂರಿನ ಹಳೇ ಮನೆತನದವರು. ಅವರ ತಾತ ರಾಗಿ ಬೆಳೆದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡವಿತ್ತು, ಅದರ ಮೊದಲ ಮಹಡಿಯಲ್ಲಿ ಆಫೀಸು. ಗಂಡು ಹೆಣ್ಣಿನ ವಿವರಗಳನ್ನೆಲ್ಲ ದಪ್ಪ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದ ಅವರಿಗೆ ಕಂಪ್ಯೂಟರ್ ಕೊಡಿಸಿದವನು ಅವರ ಅಳಿಯ. ಅದಕ್ಕೆ ವಿಂಡೋಸಿನ ಬದಲು ಲಿನಕ್ಸ್ ಹಾಕಿದವನು ನಾನು, ಯಾಕೆಂದರೆ ಅದರ ಸಿ.ಡಿ. ಒಂದು ಮ್ಯಾಗಝೀನಿನ ಜೊತೆ ಬಿಟ್ಟಿ ಸಿಕ್ಕಿತ್ತು. ಅದರಲ್ಲಿ ನಾನು ಬರೆಯುತ್ತಿದ್ದದ್ದು ಶೆಲ್ ಸ್ಕ್ರಿಪ್ಟು. ಅಂದರೆ, ಮೊದಲು ಇದು ಮಾಡು, ಆಮೇಲೆ ಅದು ಮಾಡು ಎಂದು ಕಂಪ್ಯೂಟರಿಗೆ ಬರೆದಿಡುವ ಚೀಟಿ. ಆ ಚೀಟಿ ಓದಿಕೊಂಡು ಅದು ದಿನಾ ಬೆಳಿಗ್ಗೆ ಹೊಂದಾಣಿಕೆಯಾಗುವ ಜೋಡಿಗಳ ಪಟ್ಟಿಯನ್ನು ವಿವರ ಸಮೇತ ಪ್ರಿಂಟ್ ಮಾಡಬೇಕಿತ್ತು.

ಯಜಮಾನರು ನನ್ನನ್ನು ಸೇರಿಸಿಕೊಂಡ ದಿನವೇ ಕರಾರು ಹೇಳಿಬಿಟ್ಟರು. "ಆಷಾಢ ಮುಗಿಯೋವರೆಗೂ ಏನು ಆಟ ಆಡ್ತೀಯೋ ಆಡ್ಕೋ. ಶ್ರಾವಣಕ್ಕೆ ಜನ ಬರ್ತಾರೆ. ಆಗ ಕೈಕೊಟ್ರೆ ಕಂಪ್ಯೂಟರ್ ಗುಜರಿಗೆ, ನೀನು ಗದಗಕ್ಕೆ."

ಗದಗದಲ್ಲಿ ನನಗಾಗಿ ಕಾಯುತ್ತಿದ್ದದ್ದು ಸೋದರಮಾವನ ಸೈಕಲ್ ಶಾಪು ಮತ್ತು ಒಂದು ಬುಟ್ಟಿ ಪಂಕ್ಚರ್ ಟ್ಯೂಬು. ಊರಲ್ಲಿ ಎಲ್ಲರಿಗೂ ಇಂಜಿನಿಯರ್ ಎಂದು ಹೇಳಿಕೊಂಡು ಬಂದಿದ್ದೆ. ಆದ್ದರಿಂದ ಹೆದರಿಕೆ ನಿಜವಾದದ್ದೇ.

ಇರುವ ಫೈಲು ಇಲ್ಲ

ಮೊದಲ ಸ್ಕ್ರಿಪ್ಟನ್ನು ಇಂದಿರಾನಗರದ ಒಂದು ಸೈಬರ್ ಸೆಂಟರಿನ ವಿಂಡೋಸ್ ಕಂಪ್ಯೂಟರಿನಲ್ಲಿ ಕುಳಿತು ಬರೆದು, ಫ್ಲಾಪಿಯಲ್ಲಿ ಹಾಕಿಕೊಂಡು ಬಂದೆ. ನಮ್ಮ ಕಂಪ್ಯೂಟರಿಗೆ ಹಾಕಿ ಹೆಸರು ಟೈಪ್ ಮಾಡಿದರೆ, ಅಂಥ ಫೈಲೇ ಇಲ್ಲ ಎಂದಿತು. ಫೈಲುಗಳ ಪಟ್ಟಿ ಕೇಳಿದರೆ ಅದೇ ಫೈಲನ್ನು ಎಲ್ಲಕ್ಕಿಂತ ಮೇಲೆ ತೋರಿಸಿತು. ಮತ್ತೆ ಓಡು ಎಂದರೆ ಮತ್ತೆ ಇಲ್ಲ. ಮೂರು ದಿನ ನಾನೂ ಅದೂ ಇದೇ ಮಾತನ್ನು ಆಡಿಕೊಂಡೆವು.

ಮೂರನೇ ದಿನ ಯಜಮಾನರು ಹಿಂದೆ ಬಂದು ನಿಂತು, ಕಣ್ಣೆದುರಿಗೆ ಇಟ್ಟುಕೊಂಡೇ ಇಲ್ಲ ಅನ್ನುತ್ತದಲ್ಲ, ಇದಕ್ಕೇನು ಬಂದಿದೆ ಎಂದು ಕೇಳಿದರು. ಅಷ್ಟರಲ್ಲಿ ನನಗೆ ಕಾರಣ ಸಿಕ್ಕಿತ್ತು. ವಿಂಡೋಸಿನಲ್ಲಿ ಬರೆದರೆ ಪ್ರತಿ ಸಾಲಿನ ಕೊನೆಗೂ ಒಂದು ಹೆಚ್ಚಿನ ಗುರುತು ಸೇರಿಕೊಳ್ಳುತ್ತದೆ. ಅದು ಕಣ್ಣಿಗೆ ಬೀಳುವುದಿಲ್ಲ, ಆದರೆ ಲಿನಕ್ಸಿಗೆ ಅದನ್ನು ಕಂಡರೆ ಆಗುವುದಿಲ್ಲ. ನಾನು ಇದನ್ನೇ ಸರಳವಾಗಿ, "ಕಣ್ಣಿಗೆ ಕಾಣದ್ದು ಏನೋ ಸೇರ್ಕೊಂಡಿದೆ ಸಾರ್" ಎಂದೆ.

ಅವರು ತಲೆಯಾಡಿಸಿದರು. ನನ್ನ ಕೆಲಸದಲ್ಲಿ ಅವರಿಗೆ ಪೂರ್ತಿ ಅರ್ಥವಾದ ಮೊದಲ ಮಾತು ಅದು. ಹತ್ತು ನಿಮಿಷದಲ್ಲಿ ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ದಾರದಲ್ಲಿ ಪೋಣಿಸಿ ಮಾನಿಟರಿಗೆ ಕಟ್ಟಿಸಿದರು. ಅವರು ಕಟ್ಟಿಸುವಷ್ಟರಲ್ಲಿ ನಾನು ಆ ಗುರುತುಗಳನ್ನೆಲ್ಲ ಅಳಿಸುವ ಆಜ್ಞೆ ಕೊಟ್ಟಿದ್ದೆ. ಸ್ಕ್ರಿಪ್ಟು ಓಡಿತು. ಯಜಮಾನರು ನಿಂಬೆಹಣ್ಣಿಗೆ ಕೈಮುಗಿದರು. ನನಗೆ, ಮೆಣಸಿನಕಾಯಿ ಒಣಗಿದ ಕೂಡಲೇ ಹೇಳು, ಅಷ್ಟಾದರೂ ನೆಟ್ಟಗೆ ನೋಡಿಕೋ ಎಂದರು.

ಒಬ್ಬ ವರ, ಇಬ್ಬರಾದ

ಕೌಂಟರಿನಲ್ಲಿ ಕೂತು ವಿವರ ಟೈಪ್ ಮಾಡುತ್ತಿದ್ದವರು ಹಲಸೂರಿನ ಒಬ್ಬ ತಮಿಳು ಅಕ್ಕ. ಕೈ ಚುರುಕು, ಬಾಯಿ ಅದಕ್ಕಿಂತ. ಅವರು ಒಬ್ಬೊಬ್ಬರ ವಿವರವನ್ನೂ ಅವರವರ ಹೆಸರಿನ ಫೈಲಿನಲ್ಲಿ ಇಡುತ್ತಿದ್ದರು. ನನ್ನ ಸ್ಕ್ರಿಪ್ಟು ಹೆಸರಿನ ನಡುವೆ ಖಾಲಿ ಜಾಗ ಕಂಡರೆ ಅಲ್ಲಿಗೆ ಒಬ್ಬ ಮುಗಿದ, ಇನ್ನೊಬ್ಬ ಶುರುವಾದ ಎಂದು ತಿಳಿಯುತ್ತಿತ್ತು. ಹೀಗಾಗಿ ಶ್ರೀನಿವಾಸ ಮೂರ್ತಿ ಎಂಬ ಒಬ್ಬನೇ ವರ ಪಟ್ಟಿಯಲ್ಲಿ ಶ್ರೀನಿವಾಸ ಒಬ್ಬ, ಮೂರ್ತಿ ಇನ್ನೊಬ್ಬ ಎಂದು ಎರಡು ಸಾಲಾಗಿ ಅಚ್ಚಾದ.

ಹೆಣ್ಣಿನ ತಾಯಿಯೊಬ್ಬರು ಪಟ್ಟಿ ನೋಡಿ, ಶ್ರೀನಿವಾಸನನ್ನು ಹೋದ ವಾರವೇ ನೋಡಿ ಬಂದೆವು, ಹುಡುಗ ಸ್ವಲ್ಪ ಕುಳ್ಳು, ಈ ಮೂರ್ತಿಯ ಫೋಟೋ ಕೊಡಿ ಎಂದರು. ಅಕ್ಕ ನನ್ನ ಮುಖ ನೋಡಿದರು. ನಾನು ಯಜಮಾನರ ಮುಖ ನೋಡಿದೆ. ಮೂವತ್ತು ವರ್ಷದಿಂದ ಸಂಬಂಧ ಕುದುರಿಸುತ್ತಿದ್ದ ಯಜಮಾನರು ಕಣ್ಣು ಮಿಟುಕಿಸದೆ, ಮೂರ್ತಿಗೆ ನಿನ್ನೆಯಷ್ಟೇ ಸೆಟ್ಟಾಯಿತಮ್ಮ ಎಂದರು. ಆ ತಾಯಿ, ಒಳ್ಳೆಯವರೆಲ್ಲ ಹೀಗೇ ಬೇಗ ಹೋಗಿಬಿಡುತ್ತಾರೆ ಎಂದು ನಿಟ್ಟುಸಿರು ಬಿಟ್ಟರು.

ಸ್ಕ್ರಿಪ್ಟಿನಲ್ಲಿ ಹೆಸರಿಗೆ ಉದ್ಧರಣ ಚಿಹ್ನೆ ಹಾಕಿದರೆ ಸರಿಹೋಗುವ ಕಾಯಿಲೆ ಅದು. ಹಾಕಿದೆ. ಸರಿಹೋಯಿತೋ ಇಲ್ಲವೋ ನೋಡಲು ಎರಡು ಪದದ ಹೆಸರು ಬೇಕಿತ್ತು. ನನ್ನದೇ ಹೆಸರು ಕೊಟ್ಟೆ. ಅಕ್ಕ ಉಳಿದದ್ದನ್ನೂ ಬಿಡದೆ ತುಂಬಿಸಿದರು. ಊರು, ಕುಲ, ಎತ್ತರ, ಕೆಲಸ ಮಾಡುವ ಜಾಗ ಎಲ್ಲ ಬರೆದು ದುಶ್ಚಟದ ಕಡೆ ಬಂದಾಗ ನನ್ನನ್ನು ಕೇಳಲೇ ಇಲ್ಲ. "ನಾನೇ ದಿನಾ ನೋಡ್ತಿದೀನಲ್ಲ ತಂಬಿ" ಎಂದು ಹೇಳಿ, ಮಧ್ಯಾಹ್ನ ಊಟವಾದ ಮೇಲೆ ಸಿಕ್ಕ ಕಡೆ ನಿದ್ದೆ ಮಾಡುತ್ತಾನೆ ಎಂದು ಬರೆದರು. ಪಟ್ಟಿಯಲ್ಲಿ ನಾನು ಇಬ್ಬರಾಗದೆ ಒಬ್ಬನಾಗಿಯೇ ಬಂದೆ. ಆ ಖುಷಿಯಲ್ಲಿ ನನ್ನ ಫೈಲನ್ನು ಅಳಿಸುವುದು ಮರೆತುಹೋಯಿತು.

ರಬ್ಬರ್ ಚಿಕಿತ್ಸೆ

ಆಷಾಢದ ಕೊನೆಗೆ ಪ್ರಿಂಟರ್ ಮುಷ್ಕರ ಹೂಡಿತು. ಹಿಂದಿನ ದಿನ ಅರ್ಧಕ್ಕೆ ನಿಂತಿದ್ದ ನನ್ನದೊಂದು ಸ್ಕ್ರಿಪ್ಟು ಅದನ್ನು ಹಿಡಿದುಕೊಂಡು ಬಿಡುತ್ತಿರಲಿಲ್ಲ. ನಾನು ಹುಡುಕುತ್ತಾ ಕೂತಿದ್ದಾಗ ಯಜಮಾನರು ಶಿವಾಜಿನಗರದಿಂದ ರಿಪೇರಿ ಭಾಯ್ ಒಬ್ಬರನ್ನು ಕರೆಸಿದರು. ಭಾಯ್ ಹತ್ತಿರ ಒಂದು ಸ್ಕ್ರೂ ಡ್ರೈವರ್, ಪೆನ್ಸಿಲ್ ಅಳಿಸುವ ಒಂದು ರಬ್ಬರ್ ಬಿಟ್ಟರೆ ಬೇರೇನೂ ಇರಲಿಲ್ಲ. ಕಂಪ್ಯೂಟರಿನ ಸಕಲ ರೋಗವೂ ರ‍್ಯಾಮಿನಿಂದಲೇ ಬರುತ್ತದೆ ಎಂಬುದು ಅವರ ಸಿದ್ಧಾಂತ.

ಭಾಯ್, ತೊಂದರೆ ಇರುವುದು ಸ್ಕ್ರಿಪ್ಟಿನಲ್ಲಿ, ಹದಿನಾಲ್ಕನೇ ಸಾಲಿನ ಹತ್ತಿರ ಎಂದೆ. ಅವರು ಆಯ್ತು ಸಾರ್ ಎಂದು ಹೇಳಿ ಕಂಪ್ಯೂಟರ್ ಆಫ್ ಮಾಡಿ, ರ‍್ಯಾಮ್ ಕಿತ್ತು, ಅದರ ಕಾಲುಗಳನ್ನು ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ ಮತ್ತೆ ಸಿಕ್ಕಿಸಿದರು. ಆಫ್ ಆದದ್ದರಿಂದ ಹಿಡಿದುಕೊಂಡಿದ್ದ ಸ್ಕ್ರಿಪ್ಟು ತಾನಾಗಿಯೇ ಬಿಟ್ಟಿತ್ತು. ಆನ್ ಮಾಡಿದರೆ ಪ್ರಿಂಟರ್ ಬಂಗಾರದ ಹಾಗೆ ಕೆಲಸ ಮಾಡಿತು. ಇದನ್ನು ನಾನು ವಿವರಿಸಲು ಹೋದೆ. ಯಜಮಾನರು ಕೈಯೆತ್ತಿ ನಿಲ್ಲಿಸಿ ಭಾಯ್ ಕಡೆ ತಿರುಗಿದರು. "ರಬ್ಬರ್ ಮಿಕ್ಕಿದ್ರೆ ಇವನ ತಲೆಗೂ ಒಂದ್ಸಲ ಉಜ್ಜಿಬಿಡಿ ಭಾಯ್."

ಅವಮಾನವಾದರೂ, ಆಫ್ ಮಾಡಿ ಆನ್ ಮಾಡಿದರೆ ಅರ್ಧ ರೋಗ ವಾಸಿ ಎಂಬ ಪಾಠ ಕಲಿತೆ. ಕಂಪ್ಯೂಟರ್ ಆನ್ ಆದ ಕೂಡಲೇ, ಯಾರೂ ಮುಟ್ಟದೆ, ಪಟ್ಟಿ ತಾನಾಗಿ ಪ್ರಿಂಟ್ ಆಗುವ ಹಾಗೆ ಸ್ಕ್ರಿಪ್ಟನ್ನು ಬದಲಾಯಿಸಿದೆ.

ಶ್ರಾವಣ ಶುಕ್ರವಾರ

ತಾನಾಗಿ ಪ್ರಿಂಟ್ ಆಗುತ್ತದೆ ಎಂದು ಕೇಳಿ ಯಜಮಾನರಿಗೆ ಗಾಬರಿಯಾಯಿತು. ರಾಹುಕಾಲದಲ್ಲಿ ಆನ್ ಆದರೆ? ಮದುವೆಯ ಪಟ್ಟಿ ರಾಹುಕಾಲದಲ್ಲಿ ಹುಟ್ಟುವುದುಂಟೇ? ಸರಿ, ವಾರದ ಏಳು ದಿನಗಳ ರಾಹುಕಾಲವನ್ನೂ ಗೋಡೆಯ ಕ್ಯಾಲೆಂಡರ್ ನೋಡಿ ಸ್ಕ್ರಿಪ್ಟಿಗೆ ಸೇರಿಸಿದೆ. ಆ ಹೊತ್ತಿನಲ್ಲಿ ಆನ್ ಆದರೆ ಸುಮ್ಮನೆ ಕಾದಿದ್ದು, ಮುಗಿದ ಮೇಲೆ ಪ್ರಿಂಟ್ ಮಾಡಬೇಕು. ಹೊತ್ತನ್ನು ನಾನೇ ಟೈಪ್ ಮಾಡಿ ಏಳೂ ದಿನದ್ದನ್ನು ಪರೀಕ್ಷಿಸಿದೆ. ಎಲ್ಲ ಸರಿಯಿತ್ತು. ಯಜಮಾನರು ಬಂದವರಿಗೆಲ್ಲ, ನಮ್ಮ ಕಂಪ್ಯೂಟರಿಗೆ ಪಂಚಾಂಗ ಬರುತ್ತದೆ ಎಂದು ಹೇಳಿಕೊಂಡು ತಿರುಗಿದರು.

ಶ್ರಾವಣದ ಮೊದಲ ಶುಕ್ರವಾರ ಆಫೀಸು ತುಂಬಾ ಹೆತ್ತವರು. ಹತ್ತಕ್ಕೆ ಸರಿಯಾಗಿ, ನಾನು ಕಂಪ್ಯೂಟರಿನ ಸ್ವಿಚ್ ಹಾಕುವಷ್ಟರಲ್ಲಿ, ಕರೆಂಟ್ ಹೋಯಿತು. ಹತ್ತೂವರೆಗೆ ರಾಹುಕಾಲ ಶುರುವಾಯಿತು. ಯಜಮಾನರು ಎದ್ದು ನಿಂತು, ಯಾರೂ ಚಿಂತೆ ಮಾಡಬೇಡಿ, ಕರೆಂಟ್ ಬಂದರೂ ನಮ್ಮದು ಹನ್ನೆರಡರವರೆಗೆ ಬಾಯಿ ಬಿಡುವುದಿಲ್ಲ ಎಂದು ಭಾಷಣ ಮಾಡಿದರು. ಹತ್ತು ನಲವತ್ತಕ್ಕೆ ಕರೆಂಟ್ ಬಂತು. ಕಂಪ್ಯೂಟರ್ ಎದ್ದಿತು. ಪ್ರಿಂಟರ್ ಕಿರ್ರೋ ಎಂದು ಶುರುಹಚ್ಚಿಕೊಂಡಿತು.

ಕಾರಣ ನನಗೆ ಆ ಕ್ಷಣದಲ್ಲೇ ಹೊಳೆಯಿತು. ಲಿನಕ್ಸ್ ಹಾಕುವಾಗ ಅದು ನಿಮ್ಮದು ಯಾವ ಊರಿನ ಸಮಯ ಎಂದು ಕೇಳಿತ್ತು. ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ, ಇಡೀ ಭಾರತಕ್ಕೆಂದು ಕಲ್ಕತ್ತಾ ಒಂದೇ ಇತ್ತು. ನಮಗ್ಯಾಕೆ ಕಲ್ಕತ್ತಾ ಎಂದು, ಅದು ಮೊದಲೇ ತೋರಿಸುತ್ತಿದ್ದ ಲಂಡನ್ನಿಗೇ ಎಂಟರ್ ಒತ್ತಿದ್ದೆ. ಜೋಗುಪಾಳ್ಯದಲ್ಲಿ ರಾಹುಕಾಲ. ಆದರೆ ನಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂ ಬೆಳಿಗ್ಗೆ ಆರು ಚಿಲ್ಲರೆ, ಅತ್ಯಂತ ಶುಭಕಾಲ.

ಹೆಂಗಸರು ಅಯ್ಯೋ ಎಂದರು. ಒಬ್ಬರು ಕಣ್ಣು ಮುಚ್ಚಿಕೊಂಡರು. ಯಜಮಾನರು ನಿಲ್ಲಿಸೋ ಎಂದು ಕೂಗಿದರು. ಪ್ರಿಂಟರಿನ ಪ್ಲಗ್ ಕೀಳಲು ನಾನು ಟೇಬಲ್ ಕೆಳಗೆ ನುಗ್ಗಿದೆ. ವೈರುಗಳ ನಡುವೆ ಸಿಕ್ಕಿಕೊಂಡೆ. ಹೊರಗೆ ಉಳಿದದ್ದು ನನ್ನ ಎರಡು ಕಾಲು ಮಾತ್ರ. ನಾನು ಪ್ಲಗ್ ಕೀಳುವಷ್ಟರಲ್ಲಿ ಪಟ್ಟಿ ಪೂರ್ತಿ ಅಚ್ಚಾಗಿ ಹೊರಗೆ ಬಿದ್ದಿತ್ತು. ಗದಗಿನ ಪಂಕ್ಚರ್ ಟ್ಯೂಬುಗಳು ಕಣ್ಣ ಮುಂದೆ ಬಂದವು. ಯಜಮಾನರು ನನ್ನ ಕಾಲುಗಳನ್ನು ಉದ್ದೇಶಿಸಿ, "ನಾಳೆಯಿಂದ ನೀನು..." ಎಂದು ಶುರುಮಾಡಿದರು.

ಅಷ್ಟರಲ್ಲಿ ಯಾರೋ ಪರ್ರನೆ ಪಟ್ಟಿ ಹರಿದುಕೊಂಡರು. ಹಾವೇರಿ ಕಡೆಯಿಂದ ಬಂದು ಹೊರಮಾವಿನಲ್ಲಿ ಮನೆ ಕಟ್ಟಿಕೊಂಡಿದ್ದ, ರಿಟೈರ್ ಆದ ಮೇಷ್ಟ್ರೊಬ್ಬರ ದನಿ ಕೇಳಿಸಿತು. ಮಗಳು ಹುಟ್ಟಿದ ವೇಳೆಯನ್ನೇ ಯಾರೂ ಬರೆದಿಟ್ಟಿಲ್ಲ, ಜಾತಕವೇ ಇಲ್ಲದವಳಿಗೆ ರಾಹು ಏನು ಮಾಡಿಯಾನು ಎಂದು ಅವರು ಪಟ್ಟಿ ಓದತೊಡಗಿದರು. ಉಳಿದವರು ದೂರ ಸರಿದು ನಿಂತರು. ಸ್ವಲ್ಪ ಹೊತ್ತಿಗೆ ಅವರು ಒಂದು ಕಡೆ ಬೆರಳಿಟ್ಟರು.

"ಎಲ್ಲಾರೂ ದುಶ್ಚಟ ಇಲ್ಲ ಅಂತ ಬರದಾರ. ಇವನೊಬ್ಬನ ನೋಡ್ರಿ ಖರೆ ಬರದಾಂವ. ಗದಗದ ಹುಡುಗ, ನಮ್ಮ ಪೈಕಿನ. ಕೆಲಸ ನಿಮ್ಮ ಆಫೀಸಿನಾಗ ಅಂತ ಐತಿ. ಪರ್ಮನೆಂಟ್ ಏನ್ರಿ?"

ಅಕ್ಕ ಕೆಮ್ಮಿದರು. ಇಡೀ ಆಫೀಸು ಯಜಮಾನರ ಬಾಯಿ ನೋಡುತ್ತಿತ್ತು. ಎದುರಿಗೆ ಬಂದ ಸಂಬಂಧವನ್ನು ಕೈಯಾರೆ ಕೆಡಿಸಿದ ದಾಖಲೆ ಅವರ ಮೂವತ್ತು ವರ್ಷದ ರಿಜಿಸ್ಟರುಗಳಲ್ಲಿ ಎಲ್ಲೂ ಇರಲಿಲ್ಲ.

"ಪರ್ಮನೆಂಟು" ಎಂದರು. ಆ ಮಾತಿಗೆ ಅವರು ಪಟ್ಟ ಸಂಕಟ ಕೆಳಗಿದ್ದ ನನಗೂ ಕೇಳಿಸಿತು.

ಹುಡುಗನನ್ನು ಯಾವಾಗ ನೋಡಬಹುದು ಎಂದು ಮೇಷ್ಟ್ರು ಕೇಳಿದರು. ಈಗಲೇ ನೋಡಿ, ಅಲ್ಲೇ ಇದ್ದಾನೆ ಎಂದು ಯಜಮಾನರು ನನ್ನ ಕಾಲು ತೋರಿಸಿದರು. ನನ್ನ ಭಾವೀ ಮಾವ ಮಂಡಿಯ ಮೇಲೆ ಕೈಯೂರಿ ನಿಧಾನಕ್ಕೆ ಬಗ್ಗಿದರು. ಟೇಬಲ್ ಕೆಳಗೆ ಬೋರಲು ಬಿದ್ದಿದ್ದ ನನ್ನನ್ನು ನೋಡಿ, ಮೇಲೆದ್ದು, ಮೆಲ್ಲಗೆ ಯಜಮಾನರನ್ನು ಕೇಳಿದರು.

"ಮಧ್ಯಾಹ್ನ ಊಟ ಆದ ಮ್ಯಾಲ ಅಂತಲ್ಲೇನ್ರಿ ಬರದಿದ್ದು? ಇನ್ನಾ ಹನ್ನೊಂದೂ ಆಗಿಲ್ಲ."