ಹಿಂದಿನ ಸೀಟಿಲ್ಲದ ಗಾಡಿ

ಕಂಪನಿಯವರು ಮಾಡಿ ಕಳಿಸಿದ ಯಾವ ವಸ್ತುವನ್ನೂ ನಮ್ಮ ಕಾಕಾ ಇದುವರೆಗೆ ಇದ್ದ ಹಾಗೆ ಒಪ್ಪಿಕೊಂಡಿಲ್ಲ. ಜಗತ್ತಿನ ದೊಡ್ಡ ದೊಡ್ಡ ಎಂಜಿನಿಯರುಗಳೆಲ್ಲ ಅರ್ಧ ಕೆಲಸ ಮಾಡಿ, ಉಳಿದರ್ಧವನ್ನು ಅಕ್ಕಲಕೋಟ ತಾಲೂಕಿನ ತನಗೆ ಬಿಟ್ಟಿದ್ದಾರೆ ಎಂಬುದು ಅವನ ಗಟ್ಟಿ ನಂಬಿಕೆ. ಹೊಸ ಕೈಗಡಿಯಾರ ತಂದ ದಿನವೇ ಅದರ ಸೆಕೆಂಡ್ ಮುಳ್ಳನ್ನು ಕೀಳಿಸಿದ. ಯಾಕೆ ಅಂತೀರಾ? "ಅದು ಓಡೂದು ನೋಡಿ ನಂಗ ದಮ್ಮ ಹತ್ತತದ!" ಹೊಸ ಕೊಡೆಯ ನೆತ್ತಿಗೆ ಅಂಗೈಯಗಲ ತೂತು ಕೊರೆದು ಪ್ಲಾಸ್ಟಿಕ್ ಹಾಳೆ ಹೊಲಿಸಿದ. ಮಳೆ ನಿಂತಿತೋ ಇಲ್ಲವೋ ಎಂದು ಕೊಡೆ ಮಡಚದೆಯೇ ನೋಡಬೇಕಲ್ಲ! ಹೊಲಿಗೆಯ ಸಂದಿನಿಂದ ನೀರು ಸೋರಿ ತಲೆಯೆಲ್ಲ ತೋಯ್ದಾಗ ಅವನಿಗೆ ಸ್ವಲ್ಪವೂ ಬೇಸರವಾಗಲಿಲ್ಲ. "ನೋಡು, ಇನ್ನಾ ನಿಂತಿಲ್ಲ" ಎಂದ.

ಇಂಥ ಮನುಷ್ಯ ಈ ವರ್ಷ ಒಂದು ಸ್ಪೋರ್ಟ್ಸ್ ಕಾರು ತಂದ.

ಹೌದು, ನೀವು ಸರಿಯಾಗಿಯೇ ಓದಿದಿರಿ. ಅರವತ್ತರ ಹತ್ತಿರ ಬಂದಿರುವ, ಕಬ್ಬು ತೊಗರಿ ಬೆಳೆಯುವ, ಕೊಟ್ಟಿಗೆಯ ತುಂಬ ಕುರಿ ಕಟ್ಟಿಕೊಂಡಿರುವ ನಮ್ಮ ಕಾಕಾ ಪುಣೆಗೆ ಹೋಗಿ, ಎರಡೇ ಬಾಗಿಲಿನ, ಎರಡೇ ಸೀಟಿನ, ಕೆಂಪಗೆ ಮಿರುಗುವ ಗಾಡಿಯೊಂದನ್ನು ತಂದು ಬೇವಿನ ಮರದ ಕೆಳಗೆ ನಿಲ್ಲಿಸಿದ. ಊರಿಗೆ ಊರೇ ಬಂದು ನೋಡಿತು. ಪಕ್ಕದ ಮನೆಯ ಮುದುಕರೊಬ್ಬರು ಗಾಡಿಯನ್ನು ಒಂದು ಸುತ್ತು ಹಾಕಿ, ಅದರ ಬೆನ್ನು ತಟ್ಟಿ ಕೇಳಿದರು: "ಭಾಳ ಗಿಡ್ಡ ಅದಲ್ಲೋ ಇದು. ಇನ್ನಾ ಬೆಳೀತದೇನು?"

"ಬೆಳ್ಯಾಕ ಅದೇನು ಕರಾ ಏನ್ರಿ?" ಎಂದು ಕಾಕಾ ಮುಖ ಊದಿಸಿಕೊಂಡ.

ಈ ವಯಸ್ಸಿನಲ್ಲಿ ಇವನಿಗೆ ಇದೇನು ಹುಚ್ಚು ಎಂದು ಮಂದಿಯೆಲ್ಲ ಮಾತಾಡಿಕೊಂಡರು. ನಾನೂ ಮಾತಾಡಿದೆ. ಆದರೆ ಕಾರಣ ನನಗೊಬ್ಬನಿಗೆ ಗೊತ್ತಿತ್ತು, ನಿಮಗೂ ಹೇಳಿಬಿಡುತ್ತೇನೆ. ಕಾಕಾ ಈ ಗಾಡಿಯನ್ನು ಕೊಂಡದ್ದು ಅದರ ವೇಗಕ್ಕಲ್ಲ, ಬಣ್ಣಕ್ಕಲ್ಲ. ಅದಕ್ಕೆ ಹಿಂದಿನ ಸೀಟು ಇರಲಿಲ್ಲ, ಅದಕ್ಕೆ!

ನಮ್ಮ ಕಾಕೂ ಮದುವೆಯಾಗಿ ಬಂದಾಗಿನಿಂದ ಗಾಡಿಯಲ್ಲಿ ಗಂಡನ ಪಕ್ಕಕ್ಕೆ ಕೂತವಳಲ್ಲ. ಚಕ್ಕಡಿಯಲ್ಲಿ ಹಿಂದೆ, ಟ್ರ್ಯಾಕ್ಟರ್ ಬಂದ ಮೇಲೆ ಟ್ರಾಲಿಯಲ್ಲಿ ಹಿಂದೆ, ಜೀಪು ಬಂದ ಮೇಲೆ ಅದರಲ್ಲೂ ಹಿಂದೆ. ಜೀಪಿನ ಮುಂದಿನ ಸೀಟು ಆಯಿಯದು, ಅಂದರೆ ಕಾಕಾನ ತಾಯಿಯದು, ನನ್ನ ಅಜ್ಜಿಯದು. ಆಯಿ ಬರದ ದಿನವಾದರೂ ಕಾಕೂ ಮುಂದೆ ಬರಬಹುದಿತ್ತಲ್ಲ? ಊಹೂಂ! ಅತ್ತೆಯ ಜಾಗ ಅದು, ಗಂಡನ ಸರಿಸಮ ಕೂತರೆ ಹಿರಿಯರ ಮುಂದೆ ಚೆಂದ ಕಾಣುವುದಿಲ್ಲ ಎಂದು ಅವಳ ಲೆಕ್ಕ. ಎಷ್ಟೋ ಸಲ ಸೊಲ್ಲಾಪುರದಿಂದ ಬರುವಾಗ ಯೂರಿಯಾ ಗೊಬ್ಬರದ ಚೀಲ ಮುಂದಿನ ಸೀಟಿನಲ್ಲಿ ಗಾಳಿ ಕುಡಿಯುತ್ತ ಕೂತಿರುತ್ತಿತ್ತು, ಕಾಕೂ ಹಿಂದೆ ಹಿಂಡಿಯ ಚೀಲಗಳ ನಡುವೆ ಮುದುಡಿಕೊಂಡು ಕೂತಿರುತ್ತಿದ್ದಳು.

"ಹಿಂದಿನ ಸೀಟ ಇಲ್ಲಂದ್ರ ಆಕಿ ಎಲ್ಲಿ ಕೂಡ್ತಾಳ ಹೇಳು? ಮುಂದ ಕೂಡಲೇಬೇಕಲ್ಲ!" ಎಂದು ಕಾಕಾ ನನ್ನ ಕಿವಿಯಲ್ಲಿ ಹೇಳಿದಾಗ, ಅವನ ಜನ್ಮದಲ್ಲಿ ಮೊದಲ ಸಲ ಕಂಪನಿಯವರು ಕೆಲಸವನ್ನು ಪೂರ್ತಿ ಮಾಡಿದ್ದಾರೆ ಅಂತ ನನಗೂ ಅನ್ನಿಸಿತು.

ಕಾಕೂ ಬಂದಳು. ಗಾಡಿಗೆ ಆರತಿ ಎತ್ತಿದಳು. ಬಗ್ಗಿ ಒಳಗೆ ನೋಡಿದಳು. "ಹಿಂದ ಎಲ್ಲಿ ಅದರೀ?" ಎಂದಳು.

"ಹಿಂದ ಇಲ್ಲ. ಎರಡ ಸೀಟ."

"ಹಂಗಿದ್ರ ನೀವ ಹೋಗಿ ಬರ್ರಿ" ಎಂದು ಆರತಿಯ ತಟ್ಟೆ ಹಿಡಿದುಕೊಂಡು ಒಳಗೆ ನಡೆದಳು!

ಇಲ್ಲಿ ಒಂದು ತೊಡಕಿದೆ. ನಮ್ಮ ಮನೆಯಲ್ಲಿ ಯಾವ ಹೊಸ ಗಾಡಿ ಬಂದರೂ ಮೊದಲು ಹುಲಜಂತಿಗೆ ಹೋಗಬೇಕು. ಅಲ್ಲಿಯ ನಮ್ಮ ಮನೆದೇವರು ಮಹಾಲಿಂಗರಾಯನ ಮುಂದೆ ಗಂಡಹೆಂಡತಿ ಇಬ್ಬರೂ ಗಾಡಿಯಿಂದ ಇಳಿದು ಅದಕ್ಕೆ ಭಂಡಾರದ ಅರಿಶಿನ ಹಚ್ಚಿಸಬೇಕು. ಆಮೇಲೆಯೇ ಅದು ನಮ್ಮ ಗಾಡಿ; ಅಲ್ಲಿಯವರೆಗೆ ಕಂಪನಿಯದೇ. ಕಾಕೂ ಕೂಡುವವರೆಗೆ ಹುಲಜಂತಿ ಇಲ್ಲ, ಹುಲಜಂತಿ ಆಗುವವರೆಗೆ ಬೇರೆ ಎಲ್ಲಿಯೂ ಮೆರೆಯುವ ಹಾಗಿಲ್ಲ. ಸೊಲ್ಲಾಪುರದ ಗ್ಯಾರೇಜಿಗೆ ಮಾತ್ರ ಹೋಗಬಹುದಂತೆ. ಅದು ರಿಪೇರಿ, ಮೆರವಣಿಗೆಯಲ್ಲ ಎಂದು ಕಾಕಾ ತಾನೇ ತೀರ್ಪು ಕೊಟ್ಟುಕೊಂಡ.

ಹೀಗೆ, ಹಿಂದಿನ ಸೀಟು ಇಲ್ಲವೆಂದೇ ಗಾಡಿ ಕೊಂಡ ಮನುಷ್ಯ ಅದಕ್ಕೆ ಹಿಂದಿನ ಸೀಟು ಹಾಕಿಸಲು ಹೊರಟ! ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಟವೆಲ್ ಕಾರಖಾನೆ ಇದೆ. ಅದರ ಎದುರಿಗೇ ಕಾಲೇಜು ಹುಡುಗರ ಗಾಡಿಗಳಿಗೆ ಅಲಂಕಾರ ಮಾಡುವ ಮಿಸ್ತ್ರಿಯೊಬ್ಬನ ಗ್ಯಾರೇಜು. ನನ್ನ ಮಗ್ಗಗಳು ಒಂದು ಕಡೆ ಒದರುತ್ತಿರಲಿ, ನಾನು ಕಾಕಾನ ಜೊತೆ ಆ ಗ್ಯಾರೇಜಿನಲ್ಲಿ ನಿಲ್ಲಬೇಕಾಯಿತು. ಕೆಂಪು ಗಾಡಿ ಒಳಗೆ ಬಂದದ್ದೇ ಮಿಸ್ತ್ರಿಯ ಕಣ್ಣು ಅರಳಿದವು. ಅವನದು ಅರ್ಧ ಮರಾಠಿ, ಅರ್ಧ ಕನ್ನಡ.

"ಕಾಕಾ, ಮೊದಲ ಹಿಂದ ಒಂದು ಸ್ಪಾಯ್ಲರ್ ಹಾಕೂಣು. ಜೋರ್ ಹೋಗಬೇಕಾದ್ರ ಗಾಡಿ ಮ್ಯಾಲ ಏಳಂಗಿಲ್ಲ."

"ನಮ್ಮೂರ ರಸ್ತಾದಾಗ ಗಾಡಿ ಮ್ಯಾಲ ಏಳೂದು ಜೋರ್ ಹೋಗೂದಕ್ಕಲ್ಲೋ, ತೆಗ್ಗಿಗಿ. ಅದಕ್ಕೇನರೆ ಇದ್ರ ಹೇಳು."

"ಬರ್ರಿ, ಸೈಲೆನ್ಸರ್ ಬದಲ್ ಮಾಡೂಣು. ಆವಾಜ್ ಹಿಂಗ ಬರ್ತದ, ಹುಲಿ ಒದರಿದಂಗ!"

"ಮನ್ಯಾಗ ಕುರಿ ಅವ. ಹುಲಿ ತಗೊಂಡು ಏನ ಮಾಡ್ಲಿ?"

"ಹಂಗಿದ್ರ ಗಾಡಿ ಇನ್ನಾ ಎರಡ ಬೆರಳ ಕೆಳಗ ಇಳಸೂಣೇನು? ಪುಣೆದಾಗ ಎಲ್ಲಾರೂ ಇಳಸ್ತಾರ."

"ಇನ್ನಾ ಇಳಿಸಿದ್ರ ರಂಟಿ ಹೊಡದಂಗ ಆಗ್ತದ ನೋಡು, ಜ್ವಾಳಾ ಬಿತ್ತಕೋತ ಬರಬಹುದು!"

ಮಿಸ್ತ್ರಿ ಸೋತು, ನಿಮಗೆ ಏನು ಬೇಕು ಎಂದು ಕೇಳಿದ. ಕಾಕಾ ಗಂಟಲು ಸರಿಮಾಡಿಕೊಂಡು, "ಹಿಂದ ಒಂದು ಸೀಟ" ಎಂದ. ಮಿಸ್ತ್ರಿ ಗಾಡಿಯನ್ನೊಮ್ಮೆ, ಕಾಕಾನನ್ನೊಮ್ಮೆ ನೋಡಿದ. "ಕಾಕಾ, ಹೀ ಗಾಡೀ ದೋಘಾಂಚೀಚ್!" ಎಂದು ಮರಾಠಿಯಲ್ಲಿ ಕೈ ಮುಗಿದ. ಇದು ಇಬ್ಬರದೇ ಗಾಡಿ, ಮೂರನೆಯವರಿಗೆ ಇಲ್ಲಿ ಜಾಗವಿಲ್ಲ.

"ಇಬ್ಬರ ಇರೂದು ನಾವು. ಒಬ್ಬರು ಮುಂದ, ಒಬ್ಬರು ಹಿಂದ!"

ಸೀಟಿನ ಹಿಂದೆ ಇದ್ದ ಸಣ್ಣ ಕಟ್ಟೆಯನ್ನು ಮಿಸ್ತ್ರಿ ತೋರಿಸಿದ. ಅಲ್ಲಿ ಒಂದು ಬ್ಯಾಗು ಹಿಡಿಯುತ್ತದೆ, ಹೆಚ್ಚೆಂದರೆ ಎರಡು ಎಂದ. ಕಾಕಾ ಅದನ್ನು ಗೇಣು ಹಾಕಿ ಅಳೆದು, ಬಹಳ ಹೊತ್ತು ಯೋಚಿಸಿ, "ನಿಮ್ಮ ಕಾಕೂ ಬ್ಯಾಗಕಿಂತ ಒಂದೀಟು ದೊಡ್ಡಾಕಿ ಅದಾಳ" ಎಂದು ನಿಟ್ಟುಸಿರು ಬಿಟ್ಟ.

ಎರಡು ದಿನ ಬಿಟ್ಟು ಅವನಿಗೆ ಇನ್ನೊಂದು ಹೊಳೆಯಿತು. ಪಕ್ಕದಲ್ಲಿ ಕೂಡುವುದು ತಾನೇ ಕಾಕೂನ ತಕರಾರು? ನಡುವೆ ಒಂದು ಪರದೆ ಬಂದರೆ ಪಕ್ಕ ಎಲ್ಲಿ ಉಳಿಯಿತು! ಬಟ್ಟೆ ಯಾರದು? ನನ್ನದು. ಒಳ್ಳೆಯ ದಪ್ಪ ಟವೆಲನ್ನು, ನೀಲಿ ಪಟ್ಟೆಯದು, ಒಂದು ಸಲಾಕೆಗೆ ಪೋಣಿಸಿ ಎರಡು ಸೀಟುಗಳ ನಡುವೆ ಇಳಿಬಿಟ್ಟರು. ಪರೀಕ್ಷೆಗೆ ಪರದೆಯ ಆಚೆ ಕೂತವನು ಯಾರು? ನಾನೇ! ಎಡಗಡೆಯ ಕನ್ನಡಿ ಕಾಕಾನಿಗೆ ಕಾಣದೆ, ನಾನು ಪರದೆಯ ಹಿಂದಿನಿಂದ "ಸ್ಕೂಟರ್ ಬಂತು, ಆಟೋ ಬಂತು, ಎಮ್ಮಿ ಬಂತು" ಎಂದು ಕೂಗುತ್ತ ಹೊರಟೆ. ಚೌಕದಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದ.

"ಪಡದಾದಾಗ ಯಾರದಾರ?"

"ನಮ್ಮಣ್ಣನ ಮಗರೀ."

ಪೊಲೀಸ್ ಪರದೆ ಸರಿಸಿ ನನ್ನ ಮೀಸೆ ನೋಡಿದ. "ಅಣ್ಣನ ಮಗಗ ಪಡದಾ ಯಾಕ್ರಿ?"

"ಇವಗಲ್ರಿ ಸಾಹೇಬ, ಇಂವ ಬರೇ ಟ್ರಾಯಲ್!" ಎಂದ ಕಾಕಾ. ಆ ಪೊಲೀಸ್ ಅಲ್ಲಿಯೇ ಕಟ್ಟೆಯ ಮೇಲೆ ಕೂತು ನಕ್ಕ. ದಂಡ ಹಾಕುವುದನ್ನೂ ಮರೆತ. ಆದರೆ ಸುದ್ದಿ ಕೇಳಿದ ಕಾಕೂ ನಗಲಿಲ್ಲ. "ಪಡದಾ ನೋಡಿದ್ರ ಮಂದಿ ನೀವು ಯಾರನ್ನೋ ಓಡಿಸಿಕೊಂಡು ಹೊಂಟೀರಿ ಅಂತಾರ" ಎಂದಳು. ಟವೆಲ್ ನನಗೆ ವಾಪಸು ಬಂತು, ಎಣ್ಣೆಯ ಕಲೆಯ ಸಮೇತ.

ಕೊನೆಗೆ ದಾರಿ ತೋರಿಸಿದವನು ಮಿಸ್ತ್ರಿಯೇ. ಸೀಟಿನ ಹಿಂದಿನ ಆ ಸಣ್ಣ ಕಟ್ಟೆಯನ್ನು ಬಿಚ್ಚಿ ತೆಗೆದು, ಎಡಗಡೆಯ ಸೀಟು ಸರಿಯುವ ಹಳಿಯನ್ನು ಉದ್ದ ಮಾಡಿಕೊಟ್ಟ. ಈಗ ಆ ಸೀಟು ಒಂದು ಮೊಳ ಹಿಂದಕ್ಕೆ ಹೋಗುತ್ತಿತ್ತು. ಅದರಲ್ಲಿ ಕೂತು ನೋಡಿದೆ. ಕಾಕಾನ ಜೊತೆ ಮಾತಾಡಬೇಕೆಂದರೆ ಕುತ್ತಿಗೆ ಚಾಚಬೇಕು. "ಇದು ಮುಂದಿಂದೂ ಅಲ್ಲ, ಬಾಜೂಕಿಂದೂ ಅಲ್ಲ" ಎಂದು ಕಾಕಾ ಹಿಗ್ಗಿದ. ಈ ಗಾಡಿಗೆ ಆದ ಮೊದಲ ಸುಧಾರಣೆ ಇದು, ಕೇಳಿದರೆ ಕಂಪನಿಯವರು ಅತ್ತುಬಿಟ್ಟಾರು!

ಭಾನುವಾರ ಮುಂಜಾನೆ ಹುಲಜಂತಿಗೆ ಹೊರಡುವುದೆಂದು ಠರಾವಾಯಿತು. ನಾನೂ ಬೈಕಿನ ಮೇಲೆ ಊರಿಗೆ ಹೋಗಿದ್ದೆ. ಕಾಕೂ ಇಳಕಲ್ ಸೀರೆ ಉಟ್ಟು, ತೆಂಗಿನಕಾಯಿ ಹಿಡಿದುಕೊಂಡು ಬಂದಳು. ಕಾಕಾ ಬಾಗಿಲು ತೆರೆದು ತೋರಿಸಿದ. ಅವಳು ಬಗ್ಗಿ ನೋಡಿ, ಕಾಕಾನ ಸೀಟಿನಿಂದ ತನ್ನ ಸೀಟಿನವರೆಗೆ ಕೈಯಿಂದ ಅಳೆದಳು.

"ಅರ್ಧ ಹಿಂದ ಅದ, ಅರ್ಧ ಬಾಜೂಕ ಅದ. ಅತ್ತಿ ನೋಡಾಕತ್ತಾರ್ರಿ. ಬ್ಯಾಡ್ರಿ" ಎಂದಳು.

ಕಾಕಾ ಗಾಲಿಯ ಪಕ್ಕ ನೆಲದ ಮೇಲೆಯೇ ಕೂತುಬಿಟ್ಟ. "ಆತು ಬಿಡು. ನಾಳಿ ಇದನ್ನ ವಾಪಸ್ ಕೊಟ್ಟು ಬರ್ತೀನಿ. ನೀ ಇಲ್ದ ನಂಗ್ಯಾಕ ಬೇಕು ಇದು?" ಎಂದ. ಹೊಸ ಯುಕ್ತಿ ಇಲ್ಲದ ಕಾಕಾನನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು.

ಕಟ್ಟೆಯ ಮೇಲೆ ಅಡಿಕೆ ಕುಟ್ಟುತ್ತಿದ್ದ ಆಯಿ, "ಏನೋ ಅದು ಗದ್ದಲ?" ಎಂದಳು. ನಾನು ಹೇಳಿದೆ: ನಿನ್ನ ಮುಂದೆ ಗಂಡನ ಪಕ್ಕ ಕೂಡಲು ಕಾಕೂನಿಗೆ ಸಂಕೋಚ. ಆಯಿ ಕುಟ್ಟುವುದನ್ನು ನಿಲ್ಲಿಸಿದಳು.

"ನಾ ಯಾವಾಗ ಬ್ಯಾಡ ಅಂದೇನಬೇ?"

ಆಯಿ ಒಂದು ಚೂರು ಅಡಿಕೆ ಬಾಯಿಗೆ ಹಾಕಿಕೊಂಡು ಕಾಕೂನತ್ತ ತಿರುಗಿದಳು.

"ಹಿಂದ ಕೂತ್ರ ನಂಗ ವಾಂತಿ ಬರ್ತದ, ಅದಕ್ಕ ಮುಂದ ಕೂಡ್ತಿದ್ದೆ. ನಾ ಇಲ್ದಾಗೂ ನೀ ಹಿಂದ ಕೂಡೂದು ನೋಡಿ, ಈಕಿಗಿ ಅಲ್ಲೇ ಹವಾ ಛಲೋ ಬರ್ತದೇನೋ ಅಂತ ತಿಳಕೊಂಡಿದ್ದೆ! ಹೋಗ, ಕೂಡ ಹೋಗ. ಬಿಸಲ ಏರಾಕತ್ತದ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಾಕೂ ಮಾತ್ರ ಆ ಸೀಟನ್ನೇ ನೋಡುತ್ತ ನಿಂತಳು. ಇಷ್ಟು ವರ್ಷ ಮುಂದೆ ಕೂತು ಬಂದ ಗೊಬ್ಬರದ ಚೀಲಗಳೆಲ್ಲ ಅವಳ ಕಣ್ಣ ಮುಂದೆ ಹಾದು ಹೋದವೋ ಏನೋ! ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು, ಊಟದ ಮಣೆಯ ಮೇಲೆ ಕೂಡುವ ಹಾಗೆ ಮೆಲ್ಲಗೆ ಬಗ್ಗಿ ಒಳಗೆ ಕೂತಳು.

ನಾನು ಬೈಕು ಹತ್ತಿ ಹಿಂದೆಯೇ ಹೊರಟೆ. ಹಿಂದೆ ಅಂದೆನೇ? ಊರ ಅಗಸಿ ದಾಟುವುದರೊಳಗೆ ನಾನೇ ಮುಂದಾದೆ! ಆ ಸ್ಪೋರ್ಟ್ಸ್ ಕಾರನ್ನು ಕಾಕಾ ತುಂಬಿದ ಚಕ್ಕಡಿಯ ಹಾಗೆ ಹೊಡೆಯುತ್ತಿದ್ದ. ನಾನು ದಾರಿಯಲ್ಲೇ ಇರುವ ನನ್ನ ಕಾರಖಾನೆಗೆ ಬಂದು, ಚಹಾ ಕುಡಿದು, ಮಗ್ಗದವನ ಜೊತೆ ಜಗಳವಾಡಿ ಮುಗಿಸಿದ ಮೇಲೆ ಗಾಡಿ ಗೇಟಿನ ಮುಂದೆ ಬಂದು ನಿಂತಿತು. ಕಾಕಾ ಬಾಟಲಿಗೆ ನೀರು ತುಂಬಿಸಲು ಒಳಗೆ ಹೋದ. ಕಾಕೂ ಇಳಿಯಲಿಲ್ಲ. ಕಿಟಕಿಯಿಂದ ನನ್ನನ್ನು ಕೈ ಮಾಡಿ ಕರೆದಳು.

"ತಮ್ಮಾ, ನಿಮ್ಮ ಕಾಕಾ ಗಾಡಿ ಹೊಡಿಬೇಕಾದ್ರ ನಗ್ತಾರಪಾ."

"ಏನ ಅಂದಿ ಕಾಕೂ?"

"ನಗ್ತಾರ. ಮಾತಿಲ್ಲ ಕತಿಯಿಲ್ಲ, ಸುಮ್ಮ ಒಬ್ಬರ. ಅಗಸಿ ದಾಟಿದಾಗಿಂದ ಇಲ್ಲೀತನಕ. ಇಷ್ಟ ವರ್ಷ ಹಿಂದಿನಿಂದ ನಂಗ ಬರೇ ಟೊಪಗಿ ಕಾಣ್ತಿತ್ತು. ಹಿಂಗ ನಗ್ತಾರಂತ ನಂಗ್ಯಾರು ಹೇಳಬೇಕು?"

ಇಷ್ಟು ದಿನ ಅದೇ ಸೀಟಿನಲ್ಲಿ ಟ್ರಾಯಲ್ ಎಂದು ಕೂತು ಸೊಲ್ಲಾಪುರವೆಲ್ಲ ತಿರುಗಿದವನು ನಾನು. ದಾರಿಯುದ್ದಕ್ಕೂ ಟ್ರಕ್ಕಿನವರನ್ನು ಬೈಯುವುದನ್ನು ಬಿಟ್ಟರೆ, ಕಾಕಾ ಗಾಡಿ ಹೊಡೆಯುತ್ತ ಒಮ್ಮೆಯೂ ನಕ್ಕದ್ದನ್ನು ನಾನು ಕಂಡಿಲ್ಲ. ಅದನ್ನು ಕಾಕೂನಿಗೆ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಕಾಕಾ ಬಾಟಲಿ ಹಿಡಿದುಕೊಂಡು ಬಂದ.

ಕಾಕೂ ಸೆರಗು ಸರಿಮಾಡಿಕೊಂಡಳು. "ಈ ಸೀಟ ಒಂದೀಟು ಮುಂದ ಸರಸ್ರಿ."

"ಯಾಕ? ಕಾಲಿಗಿ ತ್ರಾಸ ಆಗಾಕತ್ತದೇನು?"

"ಹೂಂ, ಕಾಲಿಗಿ."

"ಮುಂದ ಸರಸಿದ್ರ ಕಾಲಿಗಿ ಜಾಗಾ ಇನ್ನಾ ಕಡಿಮಿ ಆಗ್ತದಲ್ಲ!"

"ಆಗಲಿ. ನೀವು ಸರಸ್ರಿ."

ಕಾಕಾ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ಗೇಟಿನ ಮುಂದಿನ ಧೂಳಿನಲ್ಲಿ ಮೊಣಕಾಲೂರಿ ಕೂತು, ಸೀಟಿನ ಅಡಿಗೆ ಕೈ ಹಾಕಿದ. ಅದು ತನ್ನ ಸೀಟಿನ ಸರಿಸಮ ಬಂದು ನಿಲ್ಲುವವರೆಗೂ ಎಳೆದ.